ನನ್ನ ಗದ್ದದ ಒಂಬತ್ತು ದಿನ

ಮಂಗಳವಾರ ಬೆಳಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷಕ್ಕೆ ನಾನು ಮದಾಮ್ ಸಿರ್ವಾರ್ತ್ ಅವರ ಕುರ್ಚಿಯಲ್ಲಿ ಅಂಗಾತ ಒರಗಿ, ಎಡಗೈಯಲ್ಲಿ ಒದ್ದೆ ಬಟ್ಟೆ ಸುತ್ತಿದ ಹಿತ್ತಾಳೆಯ ಕೋಲು ಹಿಡಿದುಕೊಂಡು ಸೆಕೆಂಡು ಎಣಿಸುತ್ತಿದ್ದೆ. ಒಂದು ಕೂದಲಿಗೆ ನಲವತ್ತು ಸೆಕೆಂಡು. ಸೂಜಿ ಕೂದಲಿನ ಬುಡಕ್ಕೆ ಇಳಿಯುತ್ತದೆ. ಮದಾಮ್ ಕಾಲಡಿಯ ಗುಂಡಿ ಒತ್ತುತ್ತಾರೆ. ಕೆಂಜಿರುವೆಯೊಂದು ಕಚ್ಚಿ, ಸ್ವಲ್ಪ ಯೋಚಿಸಿ, ಮತ್ತೆ ಕಚ್ಚಿದಂತಾಗುತ್ತದೆ. ಆಮೇಲೆ ಚಿಮಟಿಗೆ ಹಾಕಿದರೆ ಬೆಣ್ಣೆಯಿಂದ ಎಳೆದಂತೆ ಕೂದಲು ಜಾರಿ ಬರುತ್ತದೆ. ಇದು 1985ರ ಮೇ ತಿಂಗಳ ಮಾತು. ಊರು ಅಲೆಪ್ಪೊ. ಗದ್ದ ನನ್ನದು.

ಹೆಣ್ಣಿನ ಗದ್ದದಲ್ಲಿ ಕೂದಲು ಬರುವುದು ಅಪರಾಧವೇನಲ್ಲ. ಆದರೂ ನಮ್ಮ ಮನೆಯಲ್ಲಿ ಅದಕ್ಕೊಬ್ಬ ಅಪರಾಧಿ ಇದ್ದರು. ಅದು ಅಪ್ಪ. "ಅದು ನಿಮ್ಮಕ್ಕನ ಗದ್ದ. ನನ್ನ ಕಡೆಯಲ್ಲಿ ಯಾರಿಗಿದೆ ಹೇಳಿ?" ಎಂದು ಅಮ್ಮ ಕೇಳಿದಾಗಲೆಲ್ಲ ಅಪ್ಪ ಪತ್ರಿಕೆಯನ್ನು ಇನ್ನೆರಡು ಅಂಗುಲ ಮೇಲೆತ್ತುತ್ತಿದ್ದರು. (ಅಪ್ಪನ ಗದ್ದ ಮಾತ್ರ ಸಿಪ್ಪೆ ಸುಲಿದ ಮೊಟ್ಟೆಯಂತೆ ನುಣುಪಾಗಿತ್ತು. ನಮ್ಮ ವಂಶದಲ್ಲಿ ಪ್ರಕೃತಿ ವಿಳಾಸ ಸರಿಯಾಗಿ ಓದಿರಲಿಲ್ಲ.)

ಹದಿನೈದು ದಿನಕ್ಕೊಮ್ಮೆ ಅಮ್ಮನ ಅಕ್ಕ ಖಾಲಾ ಫಹೀಮೆ ಬಂದು, ನೂಲಿನ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಉಳಿದದ್ದನ್ನು ಎರಡೂ ಕೈಯಲ್ಲಿ ಕತ್ತರಿಯಂತೆ ಹೊಸೆದು ನನ್ನ ಗದ್ದದ ಮೇಲೆ ಓಡಿಸುತ್ತಿದ್ದಳು. ನಾನು ಕಿರುಚಿದರೆ, ಹಲ್ಲಿನಲ್ಲಿ ನೂಲಿದ್ದ ಹಾಗೆಯೇ, "ನೂಲಿಗೇ ಹೀಗೆ ಅಳ್ತೀಯ, ಹೆರಿಗೆಗೆ ಏನೇ ಮಾಡ್ತೀಯ?" ಎನ್ನುತ್ತಿದ್ದಳು. ಕಣ್ಣಲ್ಲಿ ನೀರು, ಮೂಗಲ್ಲಿ ಅವಳ ಕಿತ್ತಳೆ ಹೂವಿನ ಅತ್ತರಿನ ವಾಸನೆ, ಅಂಗಳದ ಕಾರಂಜಿಯ ತೊಟ್ಟಿಯಲ್ಲಿ ತಣ್ಣಗಾಗಲು ಬಿಟ್ಟ ಕಲ್ಲಂಗಡಿ. ನೋವೆಲ್ಲ ಮರೆತಿದೆ, ಕಲ್ಲಂಗಡಿ ಮಾತ್ರ ಈಗಲೂ ನೆನಪಿದೆ. ಆದರೆ ಹನ್ನೆರಡನೆಯ ದಿನಕ್ಕೆ ಸರಿಯಾಗಿ ಕೂದಲು ವಾಪಸ್ಸು ಬರುತ್ತಿತ್ತು. ನಾನು ರಸಾಯನಶಾಸ್ತ್ರದ ಪದವೀಧರೆ. ಫಲಿತಾಂಶ ಬದಲಾಗದ ಪ್ರಯೋಗವನ್ನು ಹತ್ತು ವರ್ಷ ಮಾಡುವುದು ನನಗೆ ಸರಿ ಕಾಣಲಿಲ್ಲ.

ಸುಲೇಮಾನಿಯೆ ಬಡಾವಣೆಯ ಮದಾಮ್ ಸಿರ್ವಾರ್ತ್ ಅವರ ಕರೆಂಟಿನ ಸೂಜಿಯ ವಿಷಯ ಕೇಳಿದಾಗ ನನಗೆ ಮೆಚ್ಚುಗೆಯಾದದ್ದು ಅದರ ರಸಾಯನಶಾಸ್ತ್ರ. ಚರ್ಮದಲ್ಲಿ ಉಪ್ಪೂ ಇದೆ, ನೀರೂ ಇದೆ. ಕೈಯಲ್ಲಿ ಹಿಡಿದ ಹಿತ್ತಾಳೆಯ ಕೋಲಿಗೂ ಸೂಜಿಯ ತುದಿಗೂ ನಡುವೆ ವಿದ್ಯುತ್ ಹರಿದರೆ ಅವೆರಡೂ ಸೇರಿ ಒಂದಿಷ್ಟೇ ಇಷ್ಟು ಕ್ಷಾರವಾಗುತ್ತದೆ. ಆ ಕ್ಷಾರ ಕೂದಲಿನ ಬೇರನ್ನು ಸುಡುತ್ತದೆ. ನಾನು ಕೆಲಸ ಮಾಡುತ್ತಿದ್ದುದು ಸಾಬೂನಿನ ಕಾರ್ಖಾನೆಯ ಪ್ರಯೋಗಾಲಯದಲ್ಲಿ. ಲಾರೆಲ್ ಎಣ್ಣೆಯ ಕಡಾಯಿಗೆ ಬೀಳುವ ಕ್ಷಾರವನ್ನು ಅಳೆಯುವುದೇ ನನ್ನ ವೃತ್ತಿ. ದಿನವೂ ಪೀಪಾಯಿಗಟ್ಟಲೆ ಕ್ಷಾರ ನೋಡುವವಳಿಗೆ ಗದ್ದದ ಮೇಲಿನ ಒಂದು ಹನಿಯ ಸಾವಿರದಲ್ಲೊಂದು ಭಾಗ ಯಾವ ಲೆಕ್ಕ?

ಅವಸರಕ್ಕೆ ಕಾರಣ ನಿಹಾದ್. ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರು. ಒಮ್ಮೆ ನಮ್ಮ ಕಾರ್ಖಾನೆಗೆ ತಪಾಸಣೆಗೆ ಬಂದಿದ್ದರು. ಮೂರು ವಾರದ ನಂತರ ಅವರ ತಾಯಿ ಉಮ್ಮ್ ನಿಹಾದ್ (ಎಂದರೆ ನಿಹಾದನ ಅಮ್ಮ) ಅವರಿಂದ ನಮ್ಮ ಮನೆಗೆ ಹೇಳಿಕೆ ಬಂತು: ಬರುವ ವಾರದ ಗುರುವಾರ ಕಾಫಿಗೆ ಬರುತ್ತೇವೆ. ಕಾಫಿ ಎಂದರೆ ಹೆಣ್ಣು ನೋಡುವುದು. ಮೊದಲು ಬಂದ ಎರಡು ಸಂಬಂಧಗಳನ್ನು ನಾನು ಕಾರಣಗಳ ಸಮೇತ ತಳ್ಳಿಹಾಕಿದ್ದೆ. ಈ ಸಲ ಸುಮ್ಮನಿದ್ದೆ.

"ಯಾಕೆ, ಇವನಲ್ಲಿ ಏನೂ ತಪ್ಪು ಸಿಗ್ಲಿಲ್ವಾ?" ಎಂದಳು ಅಮ್ಮ.

"ಮಾಹಿತಿ ಸಾಲದು ಅಮ್ಮ."

"ನೋಡೇ ಖಯ್ತೊ, ಮಾಹಿತಿ ಸಾಲದಂತೆ. ಕಿವಿ ನೋಡು ಹೇಗೆ ಕೆಂಪಾಗಿದೆ!" ಎಂದಳು ಖಾಲಾ. (ಅಲೆಪ್ಪೊದಲ್ಲಿ ಅಕ್ಕತಂಗಿಯರು ಪರಸ್ಪರ ಹಾಗೆಯೇ ಕರೆದುಕೊಳ್ಳುತ್ತಿದ್ದರು. ಆ ಪದ ಕೇಳಿ ಎಷ್ಟು ವರ್ಷವಾಯಿತು!)

ಗುರುವಾರಕ್ಕೆ ಒಂಬತ್ತು ದಿನ ಇತ್ತು. ನಾನು ಹಾಳೆಯ ಮೇಲೆ ಲೆಕ್ಕ ಹಾಕಿದೆ. ಕೆಂಪು ಒಂದು ದಿನ, ಊತ ಎರಡು ದಿನ, ಹಕ್ಕಳೆ ಕಟ್ಟಿ ಉದುರಲು ಏಳು ದಿನ. ಎಲ್ಲವೂ ಜೊತೆಜೊತೆಗೇ ನಡೆಯುವುದರಿಂದ ಎಂಟನೆಯ ದಿನಕ್ಕೆ ಮುಖ ಸಿದ್ಧ. ಒಂದು ದಿನ ಕೈಯಲ್ಲಿ ಉಳಿತಾಯ. ಆದರೆ ಮದಾಮ್ ಒಪ್ಪಲಿಲ್ಲ. ಅವರು ಅರ್ಮೇನಿಯನ್ ಹೆಂಗಸು. ನಲವತ್ತು ವರ್ಷ ಅರಬ್ಬಿ ಮಾತಾಡಿದರೂ ಗಂಡು ಹೆಣ್ಣುಗಳನ್ನು ಅದಲುಬದಲು ಮಾಡುತ್ತಿದ್ದರು. ಅಂಚೆಯವನನ್ನು "ಬಾರಮ್ಮ" ಎನ್ನುತ್ತಿದ್ದರು. ಗಡ್ಡ ತೆಗೆಸಿಕೊಳ್ಳಲು ಬಂದ ಹುಡುಗಿಯನ್ನು "ಬಾರಪ್ಪ" ಎಂದು ಸ್ವಾಗತಿಸಿದರೆ ಅವಳ ಮನಸ್ಸಿಗೆ ಏನಾಗಬೇಡ?

"ವಾರಕ್ಕೆ ಹದಿನೈದು ನಿಮಿಷ. ಅದಕ್ಕಿಂತ ಜಾಸ್ತಿ ಇಲ್ಲ ಮಗನೇ," ಎಂದರು.

"ಮದಾಮ್, ನನಗಿರೋದು ಒಂದೇ ವಾರ. ಎಲ್ಲಾನೂ ಇವತ್ತೇ ತೆಗೀರಿ."

"ಮುಖ ಏನು ಗೋಧಿ ಹೊಲವಾ, ಒಂದೇ ದಿನ ಕೊಯ್ಯೋಕೆ?"

"ನಾನು ರಸಾಯನಶಾಸ್ತ್ರ ಓದಿದ್ದೀನಿ."

"ನಾನು ಮುಖ ಓದಿದ್ದೀನಿ. ಪಕ್ಕಪಕ್ಕದ ಕೂದಲು ಒಟ್ಟಿಗೆ ತೆಗೆದ್ರೆ ಹಕ್ಕಳೆ ಎಲ್ಲಾ ಕೂಡಿಕೊಂಡು ರೊಟ್ಟಿ ಆಗತ್ತೆ."

ನಾನು ವಾದ ಮಾಡಿದೆ. ಸೂತ್ರ ಬರೆದು ತೋರಿಸಿದೆ. ಕೊನೆಗೆ ಕಣ್ಣೀರು ಹಾಕಿದೆ. ಸೂತ್ರಕ್ಕೆ ಬಗ್ಗದವರು ಕಣ್ಣೀರಿಗೆ ಬಗ್ಗಿದರು. ಹನ್ನೊಂದೂವರೆಗೆ ಮುಗಿಯಿತು. "ಸಾಬೂನು ಹಚ್ಚಬೇಡ. ಬಿಸಿಲಿಗೆ ಹೋಗಬೇಡ. ಮುಟ್ಟಬೇಡ. ಕೀಳಬೇಡ. ತಾನಾಗೇ ಬಿದ್ದರೆ ಕಲೆ ಇಲ್ಲ, ನೀನು ಕಿತ್ತರೆ ಕಲೆ ಹೋಗಲ್ಲ. ಹೋಗಪ್ಪ, ದೇವರಿದ್ದಾನೆ," ಎಂದು ಕಳಿಸಿದರು.

ನನ್ನ ಬಳಿ ಕಾರ್ಖಾನೆಯ ಪ್ರಯೋಗದ ಪುಸ್ತಕದಂಥದ್ದೇ ಒಂದು ಖಾಲಿ ಪುಸ್ತಕ ಇತ್ತು. ಅದರಲ್ಲಿ ದಾಖಲೆ ಶುರು ಮಾಡಿದೆ. ಮೊದಲ ಗಂಟೆಯಲ್ಲಿ ಪ್ರತಿ ಕೂದಲಿನ ಜಾಗದಲ್ಲೂ ಸೊಳ್ಳೆ ಕಚ್ಚಿದಂಥ ಬಿಳಿ ದದ್ದು, ಸುತ್ತ ಕೆಂಪು. ಮೂರನೆಯ ಗಂಟೆಗೆ ದದ್ದುಗಳೆಲ್ಲ ಸೇರಿ ಒಂದೇ ದಿಬ್ಬ. ಆರನೆಯ ಗಂಟೆಗೆ ಬಿಸಿ. ಥರ್ಮಾಮೀಟರನ್ನು ಗದ್ದಕ್ಕೆ ಒತ್ತಿ ಹಿಡಿದು ಅಂಕಿ ಬರೆದೆ. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಇಟ್ಟೆ, ಹತ್ತು ನಿಮಿಷ ತೆಗೆದೆ. ಎಲ್ಲ ನನ್ನ ಲೆಕ್ಕದಂತೆಯೇ ನಡೆಯುತ್ತಿತ್ತು. ಲೆಕ್ಕದಲ್ಲಿ ನಾನು ಸೇರಿಸದಿದ್ದ ಅಂಶ ಒಂದೇ, ಖಾಲಾ ಫಹೀಮೆ.

"ಯಾ ಅಲ್ಲಾ! ಇದೇನೇ ಇದು, ಗದ್ದವೋ ಖೀಮಾದ ಕಿಬ್ಬೆ ಉಂಡೆಯೋ?" ಎಂದು ಬಾಗಿಲಲ್ಲೇ ಎದೆ ಬಡಿದುಕೊಂಡಳು. "ನನ್ನ ನೂಲಿಗೆ ಏನಾಗಿತ್ತು ರೋಗ?"

"ಖಾಲಾ, ಇದು ನಿರೀಕ್ಷಿತ ಪ್ರತಿಕ್ರಿಯೆ."

"ಉಮ್ಮ್ ನಿಹಾದ್ ಬಂದಾಗ ಅವಳಿಗೂ ಹಾಗೇ ಹೇಳು. ಹೆಣ್ಣು ಇದೇ, ಪ್ರತಿಕ್ರಿಯೆ ನಿರೀಕ್ಷಿತ!"

ಅಮ್ಮ ಅಳುತ್ತಾ ಮೊಸರು ತಂದಳು. ನಾನು ಬೇಡವೆಂದೆ. ಖಾಲಾ ಗುಲಾಬಿ ನೀರು ತಂದಳು. ಬೇಡವೆಂದೆ. ಟೊಮೇಟೊ ಹೋಳು, ಕಾಫಿ ಗಸಿ, ಪಕ್ಕದ ಮನೆಯವರ ಮೆಂತ್ಯದ ಹಿಟ್ಟು, ಎಲ್ಲವನ್ನೂ ಬೇಡವೆಂದೆ. ಎರಡು ದಿನ ಕೋಟೆ ಕಾದಂತೆ ಗದ್ದ ಕಾದೆ. ಊತ ಇಳಿಯಿತು. ಸಣ್ಣಸಣ್ಣ ಕಂದು ಹಕ್ಕಳೆಗಳು, ಗಸಗಸೆ ಕಾಳಿನಷ್ಟು, ಮೂಡಿದವು. ಪುಸ್ತಕದಲ್ಲಿ "ತೃಪ್ತಿಕರ" ಎಂದು ಬರೆದು ಮಲಗಿದೆ.

ಶುಕ್ರವಾರ ಮಧ್ಯಾಹ್ನದ ನಿದ್ದೆ ಮಾಡುತ್ತಿದ್ದಾಗ ಗದ್ದಕ್ಕೆ ತಣ್ಣಗೆ, ನುಣ್ಣಗೆ ಏನೋ ತಾಗಿತು. ಕನಸಿನಲ್ಲಿ ಕಾರ್ಖಾನೆಯ ವಾಸನೆ ಬಂತು. ಒಂಬತ್ತು ತಿಂಗಳು ಗೋಪುರದಂತೆ ಜೋಡಿಸಿಟ್ಟು ಒಣಗಿಸಿದ ಹಸಿರು ಸಾಬೂನಿನ ಆ ಗಂಧ! ಸುಖವಾಗಿ ಉಸಿರೆಳೆದುಕೊಂಡೆ. ಎರಡನೆಯ ಉಸಿರಿಗೆ ಉರಿ ಹತ್ತಿತು. ಕಣ್ಣು ಬಿಟ್ಟರೆ ಖಾಲಾ ನನ್ನ ಗದ್ದಕ್ಕೆ ಲಾರೆಲ್ ಸಾಬೂನಿನ ನೊರೆ ಹಚ್ಚಿ ನಾರಿನಿಂದ ಉಜ್ಜುತ್ತಿದ್ದಳು.

"ನಿನ್ನ ಅಜ್ಜ ಇದರಲ್ಲೇ ಗಾಯ ತೊಳೀತಿದ್ರು. ನೂರು ವರ್ಷದ ಔಷಧಿ! ಸುಮ್ಮನಿರು!"

"ಖಾಲಾ! ಗಾಯ ಆಗಿರೋದೇ ಕ್ಷಾರದಿಂದ! ಕ್ಷಾರದ ಮೇಲೆ ಕ್ಷಾರ ಹಾಕ್ತಿದ್ದೀಯ!"

"ವಜ್ರಾನ ವಜ್ರದಿಂದಲೇ ಕೊಯ್ಯೋದು," ಎಂದಳು ಖಾಲಾ, ನಾರು ಬಿಡದೆ.

ಶನಿವಾರ ಬೆಳಗ್ಗೆ ಗಸಗಸೆ ಕಾಳುಗಳು ಇರಲಿಲ್ಲ. ಅವುಗಳ ಜಾಗದಲ್ಲಿ ಮದಾಮ್ ಹೇಳಿದ ರೊಟ್ಟಿ ಇತ್ತು. ಗದ್ದದ ಬಲಗಡೆ, ಹೆಬ್ಬೆರಳಿನ ಉಗುರಿನಷ್ಟು ಅಗಲ, ಅಂಚು ಕೆಂಪು, ನಡುವೆ ದಪ್ಪ ಕಂದು ಹಕ್ಕಳೆ. ನಾನು ಹೊಸದಾಗಿ ಲೆಕ್ಕ ಹಾಕಿದೆ. ಗುರುವಾರಕ್ಕೆ ಇನ್ನೂ ಐದು ದಿನ. ಕಷ್ಟ, ಆದರೆ ಅಸಾಧ್ಯವಲ್ಲ.

ಹನ್ನೊಂದು ಗಂಟೆಗೆ ಬಾಗಿಲ ಕರೆಗಂಟೆ ಸದ್ದಾಯಿತು. ಅಮ್ಮ ಕಿಂಡಿಯಲ್ಲಿ ನೋಡಿ, ಸತ್ತವಳಂತೆ ಬಿಳಿಚಿಕೊಂಡು ತಿರುಗಿದಳು. "ಉಮ್ಮ್ ನಿಹಾದ್!"

ಇದು ಅಲೆಪ್ಪೊದ ಅತ್ತೆಯರ ಹಳೆಯ ಯುದ್ಧತಂತ್ರ. ಗುರುವಾರ ಎಂದು ಹೇಳಿ ಶನಿವಾರ ಬರುವುದು. ಹೇಳಿದ ದಿನ ಹೋದರೆ ಕಾಣುವುದು ತೊಳೆದ ಅಂಗಳ, ಹೇಳದ ದಿನ ಹೋದರೆ ಕಾಣುವುದು ಹೆಣ್ಣು ಎಂಬುದು ಅವರ ಸಿದ್ಧಾಂತ. ಖಾಲಾ ಐದೇ ಸೆಕೆಂಡಿನಲ್ಲಿ ನನ್ನ ತಲೆಗೆ ವಸ್ತ್ರ ಸುತ್ತಿ, ಅದರ ಅಂಚನ್ನು ಗದ್ದದ ಮೇಲಿನವರೆಗೆ ಎಳೆದು, ಕೈಯಲ್ಲಿ ಕಾಫಿ ತಟ್ಟೆ ಇಟ್ಟಳು. ಕನ್ನಡಿಯಲ್ಲಿ ನೋಡಿದರೆ ಹಲ್ಲುನೋವಿನವಳಂತೆ ಕಾಣುತ್ತಿದ್ದೆ.

ಉಮ್ಮ್ ನಿಹಾದ್ ಎತ್ತರದ, ಭಾರಿ ದನಿಯ, ನಗುಮುಖದ ಹೆಂಗಸು. "ಹೆಂಗಸರೇ ಇರೋದು, ತಲೆವಸ್ತ್ರ ಯಾಕೆ ಮಗಳೇ? ತೆಗೆದುಬಿಡು, ಸೆಕೆ," ಎನ್ನುತ್ತಲೇ ತಾವೇ ಅದನ್ನು ಬಿಚ್ಚಿ, ಮುತ್ತಿಡಲು ಬಾಗಿದರು. (ಆ ಮುತ್ತು ಪ್ರೀತಿಯೂ ಹೌದು, ತಪಾಸಣೆಯೂ ಹೌದು. ಉಸಿರು, ಚರ್ಮ, ಕಿವಿಯ ಹಿಂದೆ ತೊಳೆದಿದ್ದಾಳೋ ಇಲ್ಲವೋ, ಎಲ್ಲ ಒಂದೇ ಮುತ್ತಿನಲ್ಲಿ ತಿಳಿಯುತ್ತದೆ.) ಬಾಗಿದವರು ಅರ್ಧದಲ್ಲೇ ನಿಂತರು. ಅಮ್ಮನ ತುಟಿ ಪ್ರಾರ್ಥನೆಯಲ್ಲಿ ಅಲುಗಾಡುತ್ತಿತ್ತು.

"ಅಯ್ಯೋ ನನ್ನ ಕಂದಾ!" ಎಂದರು ಉಮ್ಮ್ ನಿಹಾದ್. "ವರ್ಷದ ಹುಣ್ಣು!"

ನಮ್ಮೂರಿನಲ್ಲಿ ಹುಟ್ಟಿದವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಮರಳುನೊಣ ಕಚ್ಚಿದರೆ ಏಳುವ ಹುಣ್ಣು ಅದು. ವಾಸಿಯಾಗಲು ಒಂದು ವರ್ಷ ಬೇಕು, ಹೋಗುವಾಗ ಒಂದು ಗುಳಿ ಬಿಟ್ಟುಹೋಗುತ್ತದೆ. ಹತ್ತು ಮುಖಗಳಲ್ಲಿ ಏಳರಲ್ಲಿ ಆ ಗುರುತು ಇರುತ್ತಿತ್ತು. ಹೊರ ಊರಿನಲ್ಲಿ ಅಲೆಪ್ಪೊದವರು ಒಬ್ಬರನ್ನೊಬ್ಬರು ಗುರುತಿಸುತ್ತಿದ್ದುದೇ ಹಾಗೆ. ಉಮ್ಮ್ ನಿಹಾದ್ ತಮ್ಮ ಎಡಗೆನ್ನೆಯ ಗುಳಿಯನ್ನು ನನಗೆ ತೋರಿಸಿದರು, ಪದಕ ತೋರಿಸುವಂತೆ.

ನಾನು ಬಾಯಿ ತೆರೆದೆ. ತಪ್ಪು ರೋಗನಿರ್ಣಯವನ್ನು ತಿದ್ದದೆ ಬಿಡುವುದು ನನ್ನ ಸ್ವಭಾವವಲ್ಲ. ಖಾಲಾ ಮೇಜಿನ ಕೆಳಗೆ ನನ್ನ ಕಾಲ್ಬೆರಳನ್ನು ತುಳಿದಳು.

"ಹೌದು ಉಮ್ಮ್ ನಿಹಾದ್, ಹುಣ್ಣು," ಎಂದಳು. "ಏನು ಮಾಡೋದು, ಅಲ್ಲಾಹನ ಇಚ್ಛೆ."

ಅಡುಗೆಮನೆಯಲ್ಲಿ ನಾನು ಪಿಸುಗುಟ್ಟುತ್ತಾ ಜಗಳವಾಡಿದೆ. "ಸುಳ್ಳು ಯಾಕೆ ಹೇಳಿದೆ?"

"ಹುಣ್ಣು ಊರಿಗೆಲ್ಲಾ ಬರತ್ತೆ. ಗಡ್ಡ ಯಾರಿಗೆ ಬರತ್ತೆ ಹೇಳು? ಹುಣ್ಣು ಬೇಕೋ, ಗಡ್ಡ ಬೇಕೋ?"

ಹುಣ್ಣಿನ ಬೆಲೆ ಎಷ್ಟೆಂದು ಹೇಳಿದವರು ಉಮ್ಮ್ ನಿಹಾದ್. ಕಾಫಿ ಮುಗಿಸಿ ಅವರು ನನ್ನ ಕೈ ಹಿಡಿದು ಹೇಳಿದರು: "ನನ್ನ ಮದುವೇಲಿ ನನಗೂ ಹೀಗೇ ಆಗಿತ್ತು. ಫೋಟೋದವನು ಎಲ್ಲಾನೂ ಬಲಗಡೆಯಿಂದಲೇ ತೆಗೆದ. ಮೂವತ್ತು ವರ್ಷದಿಂದ ನೋಡ್ತಿದ್ದೀನಿ, ನನ್ನ ಮದುವೆ ಫೋಟೋದಲ್ಲಿ ನನ್ನ ಎಡಗೆನ್ನೇನೇ ಇಲ್ಲ. ನನ್ನ ಸೊಸೆಗೆ ಹಾಗಾಗಬಾರದು. ಒಂದು ವರ್ಷ ಕಾಯೋಣ. ಹುಣ್ಣು ಪೂರ್ತಿ ವಾಸಿಯಾಗಲಿ, ಆಮೇಲೆ ನಿಶ್ಚಿತಾರ್ಥ. ನನ್ನ ತಮ್ಮ ದವಾಖಾನೇಲಿ ಇದ್ದಾನೆ. ಗುರುವಾರ ಕರ್ಕೊಂಡು ಬರ್ತೀನಿ, ಹುಣ್ಣಿನ ಸುತ್ತ ಹನ್ನೆರಡು ಇಂಜೆಕ್ಷನ್ ಕೊಟ್ಟುಬಿಡ್ತಾನೆ. ನೀನೇ ನನ್ನ ಮಣ್ಣು ಮಾಡೋ ಹಾಗಾಗಲಿ, ಚಿನ್ನ!"

ಕೊನೆಯ ಮಾತು ನಮ್ಮಲ್ಲಿ ಅತಿಶಯ ಪ್ರೀತಿಯದು. ನೀನಿಲ್ಲದೆ ಬದುಕಲಾರೆ, ನಿನಗಿಂತ ಮೊದಲು ನಾನೇ ಹೋಗಬೇಕು ಎಂದು ಅರ್ಥ. ಅವರು ಹೋದ ಮೇಲೆ ಅಮ್ಮ ಒಂದು ಕಡೆ ಅತ್ತಳು, ನಾನು ಒಂದು ಕಡೆ ಕುಳಿತೆ.

"ಒಂದು ವರ್ಷ!" ಎಂದಳು ಖಾಲಾ. "ಒಂದು ವರ್ಷದಲ್ಲಿ ಆ ಹೆಂಗಸು ಇನ್ನು ಹನ್ನೆರಡು ಮನೇಲಿ ಕಾಫಿ ಕುಡೀತಾಳೆ."

"ಹುಣ್ಣು ಅಂದಿದ್ದು ನೀನೇ ಅಲ್ವಾ ಖಾಲಾ?"

"ನಾನು ಹುಣ್ಣು ಅಂದೆ, ವರ್ಷ ಅಂದವಳು ಅವಳು!"

ಆ ಐದು ದಿನ ನಾನು ಕೋಣೆಗೆ ಬೀಗ ಹಾಕಿಕೊಂಡೆ. ಸಾಬೂನು ಇಲ್ಲ, ಬಿಸಿಲು ಇಲ್ಲ, ಖಾಲಾ ಇಲ್ಲ. ಕುದಿಸಿ ಆರಿಸಿದ ನೀರು, ಶುದ್ಧ ಹತ್ತಿ, ಒತ್ತಬೇಕು, ಒರೆಸಬಾರದು. ನವೆ ಶುರುವಾದಾಗ ಕೈ ತಾನಾಗಿ ಮೇಲೆ ಹೋಗುತ್ತದೆಂದು ಎರಡೂ ಕೈಗೆ ಅಪ್ಪನ ಕಾಲುಚೀಲ ಹಾಕಿಕೊಂಡೆ. ಅಪ್ಪ ಬಾಗಿಲ ಕೆಳಗಿನಿಂದ ದಿನಕ್ಕೊಂದು ಚೀಟಿ ತಳ್ಳುತ್ತಿದ್ದರು. "ನನ್ನ ಅಕ್ಕನ ಪರವಾಗಿ ಕ್ಷಮೆ ಇರಲಿ" ಎಂದು ಒಂದರಲ್ಲಿ ಬರೆದಿದ್ದರು. ಆ ಚೀಟಿ ಈಗಲೂ ನನ್ನ ಬಳಿ ಇದೆ. ಬುಧವಾರ ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಹಕ್ಕಳೆ ತಾನಾಗಿ ಉದುರಿ ಪುಸ್ತಕದ ಮೇಲೆ ಬಿತ್ತು. ಕೆಳಗೆ ಎಳೆಗುಲಾಬಿ ಬಣ್ಣದ ಹೊಸ ಚರ್ಮ. ಗುಳಿ ಇಲ್ಲ. ಕಲೆ ಇಲ್ಲ.

ಗುರುವಾರ ಉಮ್ಮ್ ನಿಹಾದ್ ತಮ್ಮನ ಜೊತೆ ಬಂದರು. ಆತ ಸಿರಿಂಜು ಕುದಿಸಲು ಪಾತ್ರೆ ಕೇಳಿ, ನನ್ನ ಗದ್ದ ನೋಡಿ, ಕನ್ನಡಕ ಒರೆಸಿ ಮತ್ತೆ ನೋಡಿದ. "ಅಕ್ಕಾ, ಚುಚ್ಚೋದು ಎಲ್ಲಿಗೆ?"

"ವರ್ಷದ ಹುಣ್ಣು ಐದೇ ದಿನಕ್ಕೆ!" ಉಮ್ಮ್ ನಿಹಾದ್ ಸೋಫಾದ ಮೇಲೆ ಕುಸಿದರು. "ಏನು ಹಚ್ಚಿದ್ರಿ?"

"ಲಾರೆಲ್ ಸಾಬೂನು," ಎಂದಳು ಖಾಲಾ, ಮಹಾ ವಿನಯದಿಂದ. "ನಮ್ಮ ತಂದೆಯ ಕಾಲದ ಔಷಧಿ."

ಈ ಸಲವೂ ನಾನು ಬಾಯಿ ತೆರೆದೆ. ಆದರೆ ಉಮ್ಮ್ ನಿಹಾದ್ "ಹಾಗಾದ್ರೆ ವರ್ಷ ಯಾಕೆ ಕಾಯೋದು? ಮುಂದಿನ ತಿಂಗಳೇ ನಿಶ್ಚಿತಾರ್ಥ!" ಎಂದುಬಿಟ್ಟರು. ತೆರೆದ ಬಾಯಿಯನ್ನು ನಾನೇ ಮುಚ್ಚಿಕೊಂಡೆ. ಕಾಲ್ಬೆರಳು ತುಳಿಯುವ ಅಗತ್ಯವೂ ಬೀಳಲಿಲ್ಲ. ನನ್ನ ಪದವಿಪತ್ರ ಗೋಡೆಯ ಮೇಲಿಂದ ನನ್ನನ್ನೇ ನೋಡುತ್ತಿತ್ತು.

ಅಲೆಪ್ಪೊದಲ್ಲಿ ಸುದ್ದಿಗೆ ಪತ್ರಿಕೆ ಬೇಕಿರಲಿಲ್ಲ, ಉಮ್ಮ್ ನಿಹಾದ್ ಇದ್ದರೆ ಸಾಕಾಗಿತ್ತು. ಶನಿವಾರ ಬೆಳಗ್ಗೆ ನಮ್ಮ ಅಂಗಳದಲ್ಲಿ ಹನ್ನೊಂದು ಹೆಂಗಸರು, ಅವರ ಮಕ್ಕಳು, ಮಕ್ಕಳ ಮುಖದ ಮೇಲೆ, ಮೊಣಕೈ ಮೇಲೆ ನಿಜವಾದ ಹುಣ್ಣುಗಳು. ನಡುವೆ ಉಮ್ಮ್ ನಿಹಾದ್, ತಾವೇ ವೈದ್ಯೆಯಂತೆ ಸಾಲು ನಿಲ್ಲಿಸುತ್ತಿದ್ದರು. ಖಾಲಾ ಸಾಬೂನನ್ನು ಚಾಕುವಿನಿಂದ ಹೋಳು ಮಾಡಿ ಹಂಚುತ್ತಿದ್ದಳು. ಅಮ್ಮ ಎಲ್ಲರಿಗೂ ಕಾಫಿ ಇಟ್ಟಿದ್ದಳು. ಹಬ್ಬದ ಗದ್ದಲ.

ಎದುರು ಬೀದಿಯ ನದೀರಾ ಮೂರು ವರ್ಷದ ಮಗಳನ್ನು ನನ್ನ ಮುಂದೆ ನಿಲ್ಲಿಸಿದಳು. ಮಗುವಿನ ಕಣ್ಣಿನ ಕೆಳಗೇ ಹುಣ್ಣು. "ಇಂಜೆಕ್ಷನ್ ಅಂದ್ರೆ ಕಿರುಚ್ತಾಳೆ ಪಾಪ. ಇನ್ನೂ ಎಂಟು ಬಾಕಿ ಇತ್ತು, ನಿನ್ನೆ ನಿಲ್ಲಿಸಿಬಿಟ್ಟೆ. ನಿಮ್ಮ ಸಾಬೂನೇ ಸಾಕಲ್ವಾ?"

ಮಗು ನನ್ನನ್ನು ನೋಡಿ ನಕ್ಕಿತು. ಹುಣ್ಣಿನಿಂದ ಕಣ್ಣಿಗೆ ಒಂದು ಬೆರಳಿನಷ್ಟೂ ದೂರವಿರಲಿಲ್ಲ. ನಾನು ನಿಹಾದ್ ಅವರ ವಿಷಯ ಯೋಚಿಸಿದೆ. ಸುಳ್ಳಾಡುವುದಿಲ್ಲ, ಯೋಚಿಸಿದೆ, ಮೂರು ಸೆಕೆಂಡು. ಆಮೇಲೆ ಕಾರಂಜಿಯ ಕಟ್ಟೆ ಹತ್ತಿ ನಿಂತೆ.

"ಯಾರೂ ಇಂಜೆಕ್ಷನ್ ನಿಲ್ಲಿಸಬೇಡಿ!" ಎಂದೆ. "ನನಗೆ ಹುಣ್ಣು ಆಗಿರಲೇ ಇಲ್ಲ. ನನಗೆ ಗಡ್ಡ ಇತ್ತು. ಸುಲೇಮಾನಿಯೆಯಲ್ಲಿ ಕರೆಂಟಿನ ಸೂಜಿಯಿಂದ ತೆಗೆಸಿದೆ. ಅದರ ಹಕ್ಕಳೆ ಅದು. ಸಾಬೂನಿನಿಂದ ವಾಸಿಯಾಗಲಿಲ್ಲ, ಸಾಬೂನು ಹಚ್ಚದೆ ವಾಸಿಯಾಯಿತು."

ಒಳಗೆ ಕಾಫಿ ಉಕ್ಕಿ ಒಲೆಯ ಮೇಲೆ ಸುರಿಯುವ ಸದ್ದು ಸ್ಪಷ್ಟವಾಗಿ ಕೇಳಿಸಿತು. ಉಮ್ಮ್ ನಿಹಾದ್ ಎದ್ದು ಬಂದು, ನನ್ನ ಗದ್ದ ಹಿಡಿದು ಬಿಸಿಲಿಗೆ ತಿರುಗಿಸಿ, ಬಹಳ ಹೊತ್ತು ನೋಡಿದರು. ಆಮೇಲೆ ಅಮ್ಮನ ಕಡೆ ತಿರುಗಿದರು.

"ಎರಡು ದಿನ ನನ್ನ ಕೈಲಿ ಊರೆಲ್ಲಾ ಸುಳ್ಳು ಹೇಳಿಸಿದ್ರಲ್ಲಾ!" ಎಂದರು. "ನಿಹಾದ್‌ಗೆ ಹೇಳ್ತೀನಿ. ಅವನು ಏನಂತಾನೋ ಅದೇ." ಬಟ್ಟಲಿನ ಕಾಫಿ ಮುಟ್ಟದೆ ಹೊರಟುಹೋದರು. ಮುಟ್ಟದ ಕಾಫಿ ಎಂದರೆ ಮುರಿದ ಮಾತು. ನದೀರಾ ಮಾತ್ರ ಮಗಳನ್ನು ಎತ್ತಿಕೊಂಡು ದವಾಖಾನೆಯ ದಾರಿ ಹಿಡಿದದ್ದನ್ನು ನಾನು ಬಾಗಿಲಿನವರೆಗೆ ಹೋಗಿ ಖಚಿತಪಡಿಸಿಕೊಂಡೆ.

ಭಾನುವಾರ ಏನೂ ಸುದ್ದಿಯಿಲ್ಲ. ಸೋಮವಾರವೂ ಇಲ್ಲ. ಖಾಲಾ ನನ್ನ ಜೊತೆ ಮಾತು ಬಿಟ್ಟಳು. (ಅವಳ ಪಾಲಿಗೆ ಅದು ಉಪವಾಸಕ್ಕಿಂತ ಕಠಿಣ. ಸೋಮವಾರ ಸಂಜೆಗೆ ಗೋಡೆಯ ಜೊತೆ ಮಾತಾಡಲು ಶುರುಮಾಡಿದ್ದಳು: "ಗೋಡೆಯೇ, ಸತ್ಯ ಹೇಳೋಕೆ ಕಾರಂಜಿ ಹತ್ತಬೇಕಾ?") ಮಂಗಳವಾರ ಬೆಳಗ್ಗೆ, ಬೇರೇನೂ ತೋಚದೆ, ಮದಾಮ್ ಗೊತ್ತುಮಾಡಿದ್ದ ಹೊತ್ತಿಗೆ ಸರಿಯಾಗಿ ಸುಲೇಮಾನಿಯೆಗೆ ಹೋದೆ. ಮೊದಲ ಸುತ್ತಿನಲ್ಲಿ ನೆಲದೊಳಗಿದ್ದ ಕೂದಲುಗಳು ಎರಡನೆಯ ವಾರ ತಲೆಯೆತ್ತುತ್ತವೆ ಎಂದು ಅವರು ಎಚ್ಚರಿಸಿದ್ದರು. ಅವು ತಲೆಯೆತ್ತಿದ್ದವು.

ಬೆಂಚಿನ ಮೇಲೆ ನದೀರಾ ಕುಳಿತಿದ್ದಳು. ಅವಳ ಪಕ್ಕ ಶನಿವಾರದ ಇನ್ನು ನಾಲ್ವರು. ನನ್ನನ್ನು ಕಂಡು ಎಲ್ಲರೂ ಚಾವಣಿ ನೋಡಿದರು. ಒಳಗೆ ಕುರ್ಚಿಯಲ್ಲಿ ಅಂಗಾತ ಒರಗಿ, ಎಡಗೈಯಲ್ಲಿ ಹಿತ್ತಾಳೆಯ ಕೋಲು ಹಿಡಿದು, ಮೇಲ್ದುಟಿಯಲ್ಲಿ ಸೂಜಿ ಚುಚ್ಚಿಸಿಕೊಂಡಿದ್ದವರು ಉಮ್ಮ್ ನಿಹಾದ್.

"ನಿನ್ನ ಜಾಗ ಹೋಯ್ತಪ್ಪ," ಎಂದರು ಮದಾಮ್. "ಎಲ್ಲರೂ ನಿನ್ನ ಹೆಸರು ಹೇಳಿಕೊಂಡು ಬಂದರು. ಇನ್ನು ಆಗಸ್ಟಿಗೆ ಬಾ ಮಗನೇ."

"ಹೇಳಿದೆ ಅವನಿಗೆ," ಎಂದರು ಉಮ್ಮ್ ನಿಹಾದ್, ತುಟಿ ಅಲುಗಾಡಿಸದೆ.

"ಏನಂದ್ರು?"

"ಮಾತಾಡಬೇಡ!" ಎಂದು ಮದಾಮ್ ಗದರಿದರು. "ಸೂಜಿ ಒಳಗಿದೆ!"

ನಲವತ್ತು ಸೆಕೆಂಡು. ನನ್ನ ಜೀವನದಲ್ಲಿ ನಾನು ಎಣಿಸಿದ ಅತಿ ಉದ್ದದ ನಲವತ್ತು ಸೆಕೆಂಡು. ಸೂಜಿ ಹೊರಬಂತು.

"ನಕ್ಕ," ಎಂದರು ಉಮ್ಮ್ ನಿಹಾದ್. "ಹೊಟ್ಟೆ ಹಿಡ್ಕೊಂಡು ನಕ್ಕ. 'ಅಮ್ಮ, ಅದು ನನಗೆ ಮೊದಲೇ ಗೊತ್ತಿತ್ತು' ಅಂದ. ಹೇಗೆ ಗೊತ್ತಿತ್ತು ಅಂತ ಅವನನ್ನೇ ಕೇಳು, ಶುಕ್ರವಾರ ಬರ್ತೀವಿ. ಮಕ್ಕಳ ಕಣ್ಣಿಗಿಂತ ತನ್ನ ಮದುವೆ ದೊಡ್ಡದು ಅಂದುಕೊಳ್ಳದೇ ಇದ್ದವಳನ್ನ ನಾನ್ಯಾಕೆ ಬಿಡ್ಲಿ? ಅದಿರಲಿ, ಉರೀತಿದೆಯಲ್ಲೇ ಇದು! ಏನು ಹಚ್ಚಲಿ?"

"ಸಾಬೂನು ಒಂದು ಬಿಟ್ಟು," ಎಂದೆ.

ಈಗ ನಾನೂ ನಿಹಾದ್ ಅವರೂ ಗಡಿಯಾಚೆಯ ಮೆರ್ಸಿನ್‌ನಲ್ಲಿದ್ದೇವೆ. ಸಮುದ್ರದ ಊರು. ಆ ಅಂಗಳ, ಆ ಕಾರಂಜಿ, ಬೆಂಚು, ಏನೂ ಉಳಿದಿಲ್ಲ. ಮದಾಮ್ ಯೆರೆವಾನಿಗೆ ಹೋದರು, ಅಲ್ಲಿನ ಅಂಚೆಯವನನ್ನು ಏನೆಂದು ಕರೆಯುತ್ತಿದ್ದರೋ ತಿಳಿಯದು. ಅತ್ತೆಯನ್ನು ಅವರು ಬಯಸಿದ ಹಾಗೆ ನಾನೇ ಮಣ್ಣು ಮಾಡಿದೆ. ಕೊನೆಯ ವಾರ ಆಸ್ಪತ್ರೆಯಲ್ಲಿ ನನ್ನನ್ನು ಹತ್ತಿರ ಕರೆದು, "ಕನ್ನಡಿ ಕೊಡೇ, ಗದ್ದ ನೋಡ್ಕೋಬೇಕು," ಎಂದಿದ್ದರು. ನನ್ನ ಗದ್ದದಲ್ಲಿ ಈಗ ಬರುವವು ಬಿಳಿ ಕೂದಲು. ಅವುಗಳ ಪಾಡಿಗೆ ಅವುಗಳನ್ನು ಬಿಟ್ಟಿದ್ದೇನೆ. ಕನ್ನಡಕವಿಲ್ಲದೆ ನಿಹಾದ್ ಅವರಿಗೆ ಕಾಣುವುದಿಲ್ಲ, ಕನ್ನಡಕ ಎಲ್ಲಿಟ್ಟಿದ್ದಾರೆಂಬುದು ಅವರಿಗೆ ನೆನಪಿರುವುದಿಲ್ಲ.

ಆದರೆ ಆ ಶುಕ್ರವಾರ ಅವರ ಕಣ್ಣು ಚೆನ್ನಾಗಿತ್ತು. ಊದಿದ ಮೇಲ್ದುಟಿಗೆ ನಾನೇ ಮಾಡಿಕೊಟ್ಟ ಮಂಜಿನ ಗಂಟು ಒತ್ತಿಕೊಂಡು ಉಮ್ಮ್ ನಿಹಾದ್ ಅಮ್ಮನ ಜೊತೆ ಒಳಗೆ ಹೋದರು. ಬಾಗಿಲು ತೆರೆದೇ ಇತ್ತು, ಬಾಗಿಲ ಹಿಂದೆ ಖಾಲಾ ಇದ್ದೇ ಇದ್ದಳು. ಎರಡು ನಿಮಿಷ ನಾವಿಬ್ಬರೇ. ಸುತ್ತಿ ಬಳಸಿ ಕೇಳುವುದು ನನಗೆ ಬಾರದು.

"ಹೇಗೆ ಗೊತ್ತಾಯ್ತು?" ಎಂದೆ.

ನಿಹಾದ್ ಕಾಫಿ ಬಟ್ಟಲನ್ನು ತಟ್ಟೆಯ ನಟ್ಟನಡುವೆ ಇಟ್ಟರು. "ಕಾರ್ಖಾನೇಲಿ ನೀವು ಕಿಟಕಿ ಪಕ್ಕ ಕೂತು ತಕ್ಕಡಿ ನೋಡ್ತಿದ್ರಿ. ನಿಮ್ಮ ತಕ್ಕಡಿ ಸರಿಯಿದೆ ಅನ್ನೋದು ಹತ್ತೇ ನಿಮಿಷಕ್ಕೆ ಗೊತ್ತಾಯ್ತು. ಆದರೂ ಎದ್ದು ಹೋಗೋಕೆ ಮನಸ್ಸಾಗಲಿಲ್ಲ. ಏನಾದರೂ ಕೆಲಸ ಮಾಡ್ತಿರೋ ಹಾಗೆ ಕಾಣಬೇಕಲ್ಲ? ಎಣಿಸ್ತಾ ಕೂತೆ."

ಬಾಗಿಲ ಹಿಂದೆ ಖಾಲಾ ಉಸಿರು ಬಿಗಿಹಿಡಿದದ್ದು ಕೇಳಿಸಿತು. ನನ್ನ ಕಿವಿ ಯಾವ ಬಣ್ಣಕ್ಕೆ ತಿರುಗಿತ್ತೋ ದಾಖಲಿಸಲಾಗಲಿಲ್ಲ.

"ಎಷ್ಟು?" ಎಂದೆ.

"ಎಡಗಡೆ ಬೆಳಕಿರಲಿಲ್ಲ, ಅದು ಲೆಕ್ಕಕ್ಕಿಲ್ಲ," ಎಂದರು ತೂಕ ಅಳತೆ ಇಲಾಖೆಯ ಇನ್ಸ್‌ಪೆಕ್ಟರು, ಪ್ರಮಾಣಪತ್ರ ಓದುವ ದನಿಯಲ್ಲಿ. "ಬಲಗಡೆ, ಇಪ್ಪತ್ಮೂರು."